ಊರು ದಾಟಿದ ಹೊಳೆ: ಕೊಡಗಿನ ನದಿ ನೀರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಕೆಲವು ವರ್ಷಗಳಿಂದ ಮಕ್ಕಳನ್ನು ಕರೆದುಕೊಂಡು ಹೊಳೆಗೆ ಇಳಿದು, ಊರಿನ ಮೇಲ್ಗಡೆ ಒಂದು ಬಾಟಲಿ, ಊರು ದಾಟಿದ ಮೇಲೆ ಇನ್ನೊಂದು ಬಾಟಲಿ ನೀರು ಹಿಡಿದು ನೋಡುತ್ತಾ ಬಂದಿದ್ದೇನೆ. ಸಂತೆಯಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಸಿಕ್ಕವರು ಇದರ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅವನ್ನೂ ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

ನಮ್ಮದೇನು ಬೆಂಗಳೂರಾ ಟೀಚರ್? ಇಷ್ಟು ಸಣ್ಣ ಪೇಟೆಯಿಂದ ಕಾವೇರಿಗೆ ಏನಾದೀತು?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಪೇಟೆ ಎಷ್ಟು ದೊಡ್ಡದು ಎನ್ನುವುದಕ್ಕಿಂತ, ಅದರ ಪಕ್ಕದ ಹೊಳೆಯಲ್ಲಿ ಆ ದಿನ ಎಷ್ಟು ನೀರಿದೆ ಎನ್ನುವುದು ಮುಖ್ಯ. ಒಂದು ಲೆಕ್ಕ ಹಾಕಿ ನೋಡೋಣ. ನಮ್ಮ ದೇಶದಲ್ಲಿ ಒಬ್ಬ ಮನುಷ್ಯ ದಿನಕ್ಕೆ ಸುಮಾರು 10 ಗ್ರಾಂ ಉಪ್ಪು ತಿನ್ನುತ್ತಾನೆ. ತಿಂದ ಉಪ್ಪು ದೇಹದಲ್ಲಿ ನಿಲ್ಲುವುದಿಲ್ಲ, ಮೂತ್ರ ಮತ್ತು ಬೆವರಿನಲ್ಲಿ ಹೊರಗೆ ಬರುತ್ತದೆ. 20 ಸಾವಿರ ಜನರ ಊರೆಂದರೆ ದಿನಕ್ಕೆ 200 ಕಿಲೋ ಉಪ್ಪು. ಏಪ್ರಿಲ್‌ನಲ್ಲಿ ಬಡವಾದ ಒಂದು ಹೊಳೆಯಲ್ಲಿ ಸೆಕೆಂಡಿಗೆ 100 ಲೀಟರ್ ನೀರು ಹರಿಯುತ್ತಿದೆ ಎಂದುಕೊಳ್ಳಿ. ದಿನಕ್ಕೆ 86 ಲಕ್ಷ ಲೀಟರ್ ಆಯಿತು. ಅಷ್ಟೂ ಉಪ್ಪು ಅದಕ್ಕೆ ಸೇರಿದರೆ ಲೀಟರಿಗೆ 23 ಮಿಲಿಗ್ರಾಂ ಏರುತ್ತದೆ. ಅದೇ ಹೊಳೆ ಜುಲೈನಲ್ಲಿ ನೂರು ಪಟ್ಟು ತುಂಬಿ ಹರಿಯುವಾಗ ಅದೇ ಊರಿನ ಅದೇ ಉಪ್ಪು ಲೀಟರಿಗೆ ಕಾಲು ಮಿಲಿಗ್ರಾಂ ಕೂಡ ಆಗುವುದಿಲ್ಲ.

ಮಡಿಕೇರಿಯಲ್ಲಿ 2011ರ ಜನಗಣತಿಯ ಪ್ರಕಾರ 33 ಸಾವಿರ ಚಿಲ್ಲರೆ ಜನ. ವಾರಾಂತ್ಯದ ಪ್ರವಾಸಿಗರು ಈ ಲೆಕ್ಕದಲ್ಲಿ ಇಲ್ಲ. ಊರು ಬೆಟ್ಟದ ನೆತ್ತಿಯ ಮೇಲಿದೆ. ಅದರ ಬುಡದಲ್ಲಿ ಇರುವುದು ತೋಡುಗಳು, ಅಂದರೆ ಸಣ್ಣ ಹಳ್ಳಗಳು, ದೊಡ್ಡ ನದಿ ಯಾವುದೂ ಇಲ್ಲ. ಒಂದು ಮಗ್ಗುಲಿನ ನೀರು ಹಾರಂಗಿಗೆ ಇಳಿದು ಕಾವೇರಿ ಸೇರುತ್ತದೆ. ಸಂಪಾಜೆ ಘಾಟಿಯ ಕಡೆಯದು ಪಯಸ್ವಿನಿಯಾಗಿ ಅರಬ್ಬಿ ಸಮುದ್ರದ ದಾರಿ ಹಿಡಿಯುತ್ತದೆ. ದೊಡ್ಡ ನದಿಯ ಪಕ್ಕದ ದೊಡ್ಡ ನಗರಕ್ಕಿಂತ ತೋಡಿನ ತಲೆಯ ಮೇಲಿನ ಸಣ್ಣ ಪೇಟೆ ಆ ನೀರನ್ನು ಹೆಚ್ಚು ಬದಲಾಯಿಸಬಲ್ಲದು. ನಾನು ಹೇಳಬೇಕೆಂದಿರುವುದರ ತಿರುಳು ಇಷ್ಟೇ, ಉಳಿದ ಉತ್ತರಗಳೆಲ್ಲ ಸುತ್ತಿ ಇಲ್ಲಿಗೇ ಬರುತ್ತವೆ.

ಊರು ಮುಟ್ಟುವ ಮೊದಲು ನಮ್ಮ ಹೊಳೆ ನೀರು ಹೇಗಿರುತ್ತದೆ?

ಬಹಳ ತೆಳ್ಳಗೆ, ಅಂದರೆ ಅದರಲ್ಲಿ ಕರಗಿರುವುದು ಬಹಳ ಕಡಿಮೆ. ಕೊಡಗಿನ ಅಡಿಯಲ್ಲಿರುವುದು ನೈಸ್, ಚಾರ್ನೊಕೈಟ್ ಜಾತಿಯ ಗಟ್ಟಿ ಹಳೆಯ ಬಂಡೆ. ಸುಣ್ಣಕಲ್ಲಿನ ಹಾಗೆ ಅದು ನೀರಿಗೆ ಸುಲಭವಾಗಿ ಕರಗುವುದಿಲ್ಲ. ಮೇಲಿನಿಂದ ವರ್ಷ ವರ್ಷವೂ ಭಾರಿ ಮಳೆ ತೊಳೆಯುತ್ತದೆ. ಹಾಗಾಗಿ ಬ್ರಹ್ಮಗಿರಿಯಿಂದ ಇಳಿಯುವ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಎಲ್ಲವೂ ಸ್ವಲ್ಪ ಸ್ವಲ್ಪವೇ. ಸೋಪು ಬೇಗ ನೊರೆಯಾಗುತ್ತದೆ, ಬೇಳೆ ಬೇಗ ಬೇಯುತ್ತದೆ. ಬಯಲುಸೀಮೆಯಿಂದ ಬಂದ ಸೊಸೆಯಂದಿರನ್ನು ಕೇಳಿ, ಅವರಿಗೆ ಈ ವ್ಯತ್ಯಾಸ ಮೊದಲ ವಾರದಲ್ಲೇ ಗೊತ್ತಾಗಿರುತ್ತದೆ.

ಇಂಥ ಮೆದು ನೀರಿಗೆ ಒಂದು ಕಷ್ಟವೂ ಇದೆ. ಬೈಕಾರ್ಬೊನೇಟ್ ನೀರಿನೊಳಗಿನ ಕಾವಲುಗಾರ. ಆಮ್ಲ ಬಿದ್ದರೆ ಅದು ತಾನು ಖರ್ಚಾಗಿ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎನ್ನುವ ಅಳತೆ, ಕಡಿಮೆಯಾದಷ್ಟೂ ಹುಳಿ) ಬೀಳದಂತೆ ತಡೆಯುತ್ತದೆ. ನಮ್ಮ ನೀರಿನಲ್ಲಿ ಕಾವಲು ಕಡಿಮೆ, ಆದ್ದರಿಂದ ಸ್ವಲ್ಪ ಆಮ್ಲ ಬಿದ್ದರೂ ಪಿಎಚ್ ಜಾರುತ್ತದೆ, ಸ್ವಲ್ಪ ಸಿಮೆಂಟಿನ ನೀರು ಬಿದ್ದರೂ ಏರುತ್ತದೆ. ತಾಮ್ರ, ಸತುವಿನಂಥ ಲೋಹಗಳು ಗಡಸು ನೀರಿನಲ್ಲಿ ಮೀನಿಗೆ ಮಾಡುವುದಕ್ಕಿಂತ ಮೆದು ನೀರಿನಲ್ಲಿ ಹೆಚ್ಚು ತೊಂದರೆ ಮಾಡುತ್ತವೆ. ಕ್ಯಾಲ್ಸಿಯಂ ಇದ್ದರೆ ಅದು ಕಿವಿರಿನ ಮೇಲೆ ಜಾಗ ಹಿಡಿದು ಲೋಹಕ್ಕೆ ಎಡೆ ಕೊಡುವುದಿಲ್ಲ. ಇಲ್ಲದಿದ್ದರೆ ಲೋಹ ನೇರ ಒಳಗೆ ಹೋಗುತ್ತದೆ.

ಪೇಟೆಯಿಂದ ಹೊಳೆಗೆ ಏನೇನು ಸೇರುತ್ತದೆ?

ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ 80 ಕೊಳಚೆಯಾಗಿ ಹೊರಗೆ ಹೋಗುತ್ತದೆ ಎಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಅದರ ಜೊತೆ ಸೋಡಿಯಂ ಮತ್ತು ಕ್ಲೋರೈಡ್ (ಮೇಲೆ ಹೇಳಿದ ಉಪ್ಪು), ಮೂತ್ರದ ಯೂರಿಯಾದಿಂದ ಹುಟ್ಟುವ ಅಮೋನಿಯಾ, ಮಲ ಮತ್ತು ಸೋಪುಪುಡಿಯ ಫಾಸ್ಫೇಟ್, ಅನ್ನ ಎಣ್ಣೆ ಮಲ ಎಲ್ಲ ಸೇರಿದ ಕೊಳೆಯುವ ಪದಾರ್ಥ, ನಾವು ನುಂಗಿದ ಮಾತ್ರೆಗಳ ಉಳಿಕೆ ಹೋಗುತ್ತವೆ.

ಚರಂಡಿಯ ಆಚೆಗೂ ಪೇಟೆ ನೀರನ್ನು ಬದಲಾಯಿಸುತ್ತದೆ. ಇದು ಕಣ್ಣಿಗೆ ಬೀಳುವುದಿಲ್ಲ. ಹೊಸ ಕಾಂಕ್ರೀಟಿನ ಮೇಲೆ ಮಳೆ ಹರಿದರೆ ಅದರ ಸುಣ್ಣ ಸ್ವಲ್ಪ ಸ್ವಲ್ಪ ಕರಗುತ್ತದೆ. ರಸ್ತೆ, ಮೋರಿ, ತಡೆಗೋಡೆ, ತಾರಸಿ ಎಲ್ಲ ಸೇರಿ ಊರೇ ಒಂದು ಸುಣ್ಣಕಲ್ಲಿನ ಗುಡ್ಡದ ಹಾಗೆ ವರ್ತಿಸುತ್ತದೆ. ಸುಣ್ಣಕಲ್ಲೇ ಇಲ್ಲದ ಜಿಲ್ಲೆಯ ತೋಡಿನಲ್ಲಿ ಕ್ಯಾಲ್ಸಿಯಂ ಮತ್ತು ಕ್ಷಾರತೆ ಊರಿನ ಕೆಳಗೆ ಏರಿದ್ದರೆ ಒಂದು ಕಾರಣ ಇದೇ. ತಗಡಿನ ಶೀಟುಗಳಿಂದ ಮತ್ತು ಟಯರಿನ ಪುಡಿಯಿಂದ ಸತು, ಬ್ರೇಕ್ ಪ್ಯಾಡುಗಳಿಂದ ತಾಮ್ರ, ವರ್ಕ್‌ಶಾಪುಗಳಿಂದ ಎಣ್ಣೆ ಬರುತ್ತವೆ. ಚಳಿ ದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಅಲ್ಲಿನ ನಗರದ ಹೊಳೆಗಳು ಉಪ್ಪಾಗಲು ಅದೇ ದೊಡ್ಡ ಕಾರಣ. ನಮಗೆ ಆ ಕಾಟವಿಲ್ಲ.

ಬೇಸಿಗೆಯಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲಿದರೆ ಯಾರೋ ವಿಷ ಹಾಕಿದ್ದಾರೆ ಅಂತಲೇ ಅರ್ಥವೇ?

ಹಾಕಿರಲೂಬಹುದು. ವಿಷ ಹಾಕದೆಯೂ ಮೀನು ಸಾಯುತ್ತದೆ, ಉಸಿರು ಕಟ್ಟಿ.

ಸಮುದ್ರಮಟ್ಟದಲ್ಲಿ 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ. ನೀರು 30 ಡಿಗ್ರಿಗೆ ಕಾದರೆ ಏಳೂವರೆಗೆ ಇಳಿಯುತ್ತದೆ. ಮಡಿಕೇರಿಯಂಥ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಅಲ್ಲಿ ಇನ್ನೂ ಶೇ 10ಕ್ಕಿಂತ ಹೆಚ್ಚು ಕಳೆಯಿರಿ. ಮೀನಿನ ಇಡೀ ಬದುಕು ಈ ಏಳೆಂಟು ಮಿಲಿಗ್ರಾಂ ಒಳಗೆ. ಕೊಳಚೆ ಬಿದ್ದಾಗ ಬ್ಯಾಕ್ಟೀರಿಯಾ ಅದನ್ನು ತಿಂದು ಅರಗಿಸುತ್ತವೆ, ಅದಕ್ಕೆ ಇದೇ ಆಮ್ಲಜನಕ ಬೇಕು. ಎಷ್ಟು ಬೇಕಾಗುತ್ತದೆ ಎನ್ನುವ ಅಳತೆಯೇ ಪತ್ರಿಕೆಗಳಲ್ಲಿ ನೀವು ಓದುವ ಬಿಓಡಿ. ಮನೆಗಳ ಕೊಳಚೆಯ ಬಿಓಡಿ ಸಾಮಾನ್ಯವಾಗಿ ಲೀಟರಿಗೆ 200ರಿಂದ 300 ಮಿಲಿಗ್ರಾಂ. ಅಮೋನಿಯಾ ಬೇರೆ. ಅಮೋನಿಯಾದ ಒಂದು ಮಿಲಿಗ್ರಾಂ ಸಾರಜನಕ ನೈಟ್ರೇಟ್ ಆಗುವಷ್ಟರಲ್ಲಿ ನಾಲ್ಕೂವರೆ ಮಿಲಿಗ್ರಾಂ ಆಮ್ಲಜನಕ ನುಂಗುತ್ತದೆ.

ಎಲ್ಲರೂ ತಪ್ಪು ತಿಳಿಯುವ ಒಂದು ವಿಷಯವಿದೆ. ಆಮ್ಲಜನಕ ಅತಿ ಕಡಿಮೆ ಇರುವುದು ಮೋರಿ ಬೀಳುವ ಜಾಗದಲ್ಲೇ ಎಂದು ಜನ ಅಂದುಕೊಳ್ಳುತ್ತಾರೆ. ಬ್ಯಾಕ್ಟೀರಿಯಾಗಳಿಗೆ ಕೆಲಸ ಮಾಡಲು ಹೊತ್ತು ಬೇಕು. ಅಷ್ಟರಲ್ಲಿ ನೀರು ಮುಂದೆ ಹೋಗಿರುತ್ತದೆ. ಹಾಗಾಗಿ ಅತಿ ಕೆಟ್ಟ ಜಾಗ ಊರಿನಿಂದ ಕೆಳಗೆ, ಹಲವೊಮ್ಮೆ ಮುಂದಿನ ಊರಿನವರ ಸ್ನಾನಘಟ್ಟದ ಹತ್ತಿರ ಇರುತ್ತದೆ. ಅಮೆರಿಕದ ಓಹಿಯೋ ನದಿಯನ್ನು ಅಳೆದ ಸ್ಟ್ರೀಟರ್ ಮತ್ತು ಫೆಲ್ಪ್ಸ್ 1925ರಲ್ಲಿ ಇದಕ್ಕೆ ಸಮೀಕರಣವನ್ನೇ ಬರೆದರು. ಅದನ್ನು ಈಗಲೂ ಬಳಸುತ್ತಾರೆ. ಬಂಡೆಗಳ ಮೇಲೆ ಧುಮುಕುವ ನೀರು ಗಾಳಿಯಿಂದ ಆಮ್ಲಜನಕವನ್ನು ಬೇಗ ಮರಳಿ ಪಡೆಯುತ್ತದೆ. ನಮ್ಮ ಮಲೆನಾಡಿನ ಹೊಳೆಗಳಿಗೆ ಇದೊಂದು ವರ. ಆದರೆ ಕಟ್ಟೆ ಹಾಕಿ ನಿಲ್ಲಿಸಿದಲ್ಲಿ, ಮರಳು ತೆಗೆದು ಗುಂಡಿಯಾದಲ್ಲಿ ಆ ವರ ಕೆಲಸ ಮಾಡುವುದಿಲ್ಲ.

ಆಮ್ಲಜನಕ ಪೂರ್ತಿ ಮುಗಿದರೆ ಬೇರೆ ಜಾತಿಯ ಬ್ಯಾಕ್ಟೀರಿಯಾ ಬರುತ್ತವೆ, ನೈಟ್ರೇಟ್ ಬಳಸುತ್ತವೆ, ಅದೂ ಮುಗಿದರೆ ಸಲ್ಫೇಟ್. ಆಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ತಳದ ಕೆಸರು ಕಬ್ಬಿಣದ ಸಲ್ಫೈಡಿನಿಂದ ಕಪ್ಪಾಗುತ್ತದೆ. ಮೋರಿ ಯಾಕೆ ಕಪ್ಪು ಎಂದು ಮಕ್ಕಳು ಕೇಳಿದರೆ ಕಾರಣ ಇದು.

ಪೇಟೆಯನ್ನೇ ಬೈತೀರಲ್ಲ, ಕಾಫಿ ಪಲ್ಪರ್ ನೀರು ಕಾಣುವುದಿಲ್ಲವೇ?

ಕಾಣುತ್ತದೆ. ನನ್ನ ಮನೆಯವರೂ ಬೆಳೆಗಾರರೇ, ಮುಚ್ಚಿಡುವುದೇನೂ ಇಲ್ಲ.

ಹಣ್ಣು ಕಾಫಿಯನ್ನು ಕಣದಲ್ಲಿ ಹಾಗೇ ಒಣಗಿಸಿ ಚೆರಿ ಮಾಡಿದರೆ ಕೊಳಚೆ ನೀರೇ ಇಲ್ಲ. ಪಲ್ಪ್ ಮಾಡಿ, ಅಂದರೆ ಪಲ್ಪರ್ ಯಂತ್ರದಲ್ಲಿ ಹಣ್ಣಿನ ಸಿಪ್ಪೆ ಸುಲಿದು ತೊಳೆದು, ಪಾರ್ಚ್‌ಮೆಂಟ್ ಕಾಫಿ ಮಾಡಿದರೆ ಸಿಪ್ಪೆ ಮತ್ತು ಲೋಳೆಯ ಸಕ್ಕರೆ ನೀರಿಗೆ ಸೇರುತ್ತದೆ. ಅದು ಹುಳಿಯುತ್ತದೆ, ಪಿಎಚ್ 4ರ ಆಸುಪಾಸಿಗೆ ಇಳಿಯುತ್ತದೆ, ಬಿಓಡಿ ಸಾವಿರಗಳಲ್ಲಿರುತ್ತದೆ. ಅಂದರೆ ಒಂದು ಲೀಟರ್ ಪಲ್ಪರ್ ನೀರು ಹಲವು ಲೀಟರ್ ಮನೆಯ ಕೊಳಚೆಗೆ ಸಮ. ಗುಂಡಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ, ತೋಟಕ್ಕೇ ಬಿಡಬೇಕಾದ ನೀರದು. ಲೋಳೆ ಉಜ್ಜಿ ತೆಗೆಯುವ ಯಂತ್ರಗಳು ಬಂದ ಮೇಲೆ ನೀರಿನ ಬಳಕೆ ಕಡಿಮೆಯಾಗಿದೆ, ಅದು ನಿಜ.

ನನಗೆ ಹೆಚ್ಚು ಚಿಂತೆ ಕ್ಯಾಲೆಂಡರಿನದು. ಕೊಯ್ಲು, ಪಲ್ಪಿಂಗ್ ನಡೆಯುವುದು ಡಿಸೆಂಬರ್‌ನಿಂದ ಫೆಬ್ರುವರಿ ಸುತ್ತ. ಅದರ ಬೆನ್ನಿಗೇ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯಲಾಗದೆ ರೋಬಸ್ಟಾಗೆ ಸ್ಪ್ರಿಂಕ್ಲರ್ ಹಿಡಿಯುತ್ತೇವೆ. ಫೆಬ್ರುವರಿ, ಮಾರ್ಚ್‌ನಲ್ಲಿ ಹೊಳೆಗೂ ತೋಡಿಗೂ ಪಂಪು ಇಳಿಯುತ್ತದೆ. ಹೊಳೆ ತನ್ನಷ್ಟಕ್ಕೇ ಸೊರಗುವ ತಿಂಗಳುಗಳೂ ಇವೇ. ಪಲ್ಪರ್ ನೀರು ಸೇರುತ್ತದೆ, ಹರಿವನ್ನು ನಾವೇ ಎತ್ತಿಬಿಡುತ್ತೇವೆ, ಪೇಟೆಯ ಕೊಳಚೆ ಮಾತ್ರ ದಿನವೂ ಅಷ್ಟೇ ಬರುತ್ತದೆ, ಮಾರ್ಚ್ ಕಳೆದು ರಜೆ ಶುರುವಾದರೆ ಹೋಂಸ್ಟೇಗಳು ತುಂಬಿ ಇನ್ನೂ ಹೆಚ್ಚು. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಯಾರದೂ ದೊಡ್ಡ ತಪ್ಪಿನ ಹಾಗೆ ಕಾಣುವುದಿಲ್ಲ. ಹೊಳೆಗೆ ಎಲ್ಲವೂ ಒಟ್ಟಿಗೇ ಬರುತ್ತವೆ.

ಗಿಡದ ರೋಗಕ್ಕೆ ಸಿಂಪಡಿಸುವ, ತಾಮ್ರವಿರುವ ಮೈಲುತುತ್ತಿನ ಬೋರ್ಡೋ ದ್ರಾವಣದ ಬಗ್ಗೆಯೂ ಕೇಳುತ್ತಾರೆ. ಎಲೆಯ ಮೇಲೆ ಬಿದ್ದದ್ದು ಬಹುಪಾಲು ಮಣ್ಣಿನಲ್ಲೇ ಹಿಡಿದು ನಿಲ್ಲುತ್ತದೆ. ಡ್ರಮ್ಮು, ಸ್ಪ್ರೇಯರ್ ತೊಳೆದ ನೀರನ್ನು ತೋಡಿಗೆ ಚೆಲ್ಲುವುದು ಬೇಡ. ಮೆದು ನೀರಿನಲ್ಲಿ ತಾಮ್ರ ಏನು ಮಾಡುತ್ತದೆ ಎಂದು ಆಗಲೇ ಹೇಳಿದ್ದೇನೆ.

ಮಳೆಗಾಲದಲ್ಲಿ ಎಲ್ಲ ಕೊಚ್ಚಿಕೊಂಡು ಹೋಗುತ್ತದಲ್ಲ?

ಆಷಾಢ, ಕಕ್ಕಡದ ಮಳೆಗೆ ಹೊಳೆ ತೊಳೆದ ಹಾಗಾಗುವುದು ಹೌದು. ಆದರೆ ಮೊದಲ ಮಳೆ ಬೇರೆ. ಬೇಸಿಗೆಯಿಡೀ ರಸ್ತೆಯ ಮೇಲೆ ಕೂತ ಟಯರ್ ಪುಡಿ, ಎಣ್ಣೆ, ಸಗಣಿ, ಮೋರಿಯಲ್ಲಿ ಹೆಪ್ಪುಗಟ್ಟಿದ ಕೆಸರು ಒಂದೇ ಗಂಟೆಯಲ್ಲಿ ಹೊಳೆಗೆ ಬಂದು ಬೀಳುತ್ತದೆ, ಹೊಳೆಯಲ್ಲಿ ಇನ್ನೂ ನೀರು ಏರಿರುವುದಿಲ್ಲ. ವರ್ಷದಲ್ಲಿ ಮೀನಿಗೆ ಅತಿ ಕೆಟ್ಟ ದಿನಗಳಲ್ಲಿ ಅದೂ ಒಂದು. ಮತ್ತೆ, ಫಾಸ್ಫೇಟ್ ಮಣ್ಣಿನ ಕಣಕ್ಕೆ ಅಂಟಿಕೊಳ್ಳುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದಾಗ ಹೊಳೆಗಳು ಕೆಂಪಗೆ ಹರಿದದ್ದನ್ನು ನಾವ್ಯಾರೂ ಮರೆತಿಲ್ಲ. ಹಾಗೆ ಹೋದ ಮಣ್ಣು ಎಲ್ಲಿ ನೀರು ನಿಲ್ಲುತ್ತದೋ ಅಲ್ಲಿ ಕೂರುತ್ತದೆ, ಹಾರಂಗಿ, ಕನ್ನಂಬಾಡಿ ಜಲಾಶಯಗಳಲ್ಲಿ. ತಳದಲ್ಲಿ ಆಮ್ಲಜನಕ ಕಡಿಮೆಯಾದಾಗ ಆ ಫಾಸ್ಫೇಟ್ ಮತ್ತೆ ಬಿಟ್ಟುಕೊಂಡು ಪಾಚಿಗೆ ಗೊಬ್ಬರವಾಗುತ್ತದೆ.

ನಮ್ಮ ಟಿಡಿಎಸ್ ಮೀಟರಿನಲ್ಲಿ 60 ಬಂತು. ಹಾಗಾದರೆ ಹೊಳೆ ನೀರು ಶುದ್ಧ ತಾನೆ?

ಆ ಪೆನ್ನಿನಂಥ ಮೀಟರು ನೀರು ವಿದ್ಯುತ್ತನ್ನು ಎಷ್ಟು ಹರಿಯಬಿಡುತ್ತದೆ ಎಂದು ಮಾತ್ರ ನೋಡುತ್ತದೆ. ಅದರಿಂದ ಕರಗಿದ ಲವಣಗಳ, ಅಂದರೆ ಟಿಡಿಎಸ್‌ನ, ಅಂದಾಜು ಸಿಗುತ್ತದೆ. ಮಲದ ಬ್ಯಾಕ್ಟೀರಿಯಾ, ಕೀಟನಾಶಕ, ಎಣ್ಣೆ ಅದಕ್ಕೆ ಕಾಣುವುದೇ ಇಲ್ಲ. ನಮ್ಮ ನೀರಿನಲ್ಲಿ ಲವಣ ಮೊದಲೇ ಕಡಿಮೆ, ಆದ್ದರಿಂದ ಕೊಳಚೆ ಸೇರಿದ ಮೇಲೂ ಸಂಖ್ಯೆ ಚೆನ್ನಾಗಿಯೇ ಕಾಣುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಟಿಡಿಎಸ್ ಮಿತಿ ಲೀಟರಿಗೆ 500 ಮಿಲಿಗ್ರಾಂ. ಅದರ ಪಕ್ಕದಲ್ಲಿ ನಿಮ್ಮ 60 ಬಹಳ ಒಳ್ಳೆಯದೆಂದು ಅನ್ನಿಸುವುದು ಸಹಜ. ಸರಿಯಾದ ಹೋಲಿಕೆ ಊರಿನ ಮೇಲ್ಗಡೆಯ ಅದೇ ಹೊಳೆಯ ಜೊತೆ. ಮೇಲೆ 30, ಕೆಳಗೆ 60 ಇದ್ದರೆ ಊರು ಆ ನೀರಿನ ಲವಣವನ್ನು ಎರಡು ಪಟ್ಟು ಮಾಡಿದೆ ಎಂದರ್ಥ.

ಮೀಟರು ಮಾರುವವರೇ ನೀರಿನ ಲವಣ ತೆಗೆಯುವ ಆರ್‌ಓ ಯಂತ್ರವನ್ನೂ ಮಾರುತ್ತಾರೆ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ಬಳಕೆಯನ್ನು ನಿಷೇಧಿಸಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಕೊಡಗಿನ ಮನೆಗಳಿಗೆ ಬೇಕಾದದ್ದು ನೀರನ್ನು ಕುದಿಸುವುದು.

ಹೊಳೆಯಲ್ಲಿ ನೊರೆ, ಕಲ್ಲಿನ ಸಂದಿಯಲ್ಲಿ ತುಕ್ಕು ಬಣ್ಣದ ಲೋಳೆ. ಎರಡೂ ಕೊಳಚೆಯ ಗುರುತೇ?

ಯಾವಾಗಲೂ ಹಾಗಲ್ಲ. ಕಾಡಿನ ಎಲೆ ಕೊಳೆತ ರಸಕ್ಕೂ ನೊರೆ ಬರಿಸುವ ಗುಣ ಇದೆ. ಜಲಪಾತದ ಬುಡದಲ್ಲಿ ಮಳೆಗಾಲದ ನೊರೆ ಕಂದು ಛಾಯೆಯಲ್ಲಿ ಮಣ್ಣಿನ ವಾಸನೆಯೊಡನೆ ಇದ್ದರೆ ಹೆದರಬೇಡಿ. ಬೆಳ್ಳಗೆ, ಸೋಪಿನ ಪರಿಮಳದೊಡನೆ, ಬೇಸಿಗೆಯಲ್ಲಿ ಮೋರಿಯ ಕೆಳಗೆ ಕಂಡರೆ ಅದು ಡಿಟರ್ಜೆಂಟು.

ತುಕ್ಕಿನ ಲೋಳೆ ಕಬ್ಬಿಣದ ಬ್ಯಾಕ್ಟೀರಿಯಾದ್ದು. ಕೆಂಪು ಮಣ್ಣಿನ ಒರತೆಗಳಲ್ಲಿ ಅದು ಸಾಮಾನ್ಯ. ಅದರ ಮೇಲೆ ಎಣ್ಣೆಯಂಥ ಬಣ್ಣದ ಪದರವೂ ಬರುತ್ತದೆ. ಕಡ್ಡಿಯಿಂದ ಚುಚ್ಚಿ ನೋಡಿ. ಗಾಜಿನ ಚೂರುಗಳ ಹಾಗೆ ಒಡೆದು ಹಾಗೇ ನಿಂತರೆ ಬ್ಯಾಕ್ಟೀರಿಯಾ, ಸುಳಿದು ಮತ್ತೆ ಕೂಡಿಕೊಂಡರೆ ನಿಜವಾದ ಎಣ್ಣೆ. ಮಕ್ಕಳಿಗೆ ಈ ಪರೀಕ್ಷೆ ಎಂದರೆ ಬಲು ಇಷ್ಟ.

ನಮ್ಮ ಮನೆಗೆ ಒಳ್ಳೆಯ ಪಿಟ್ (ಶೌಚದ ಗುಂಡಿ) ಇದೆ. ನಮ್ಮದು ಹೊಳೆಗೆ ಹೋಗುವುದಿಲ್ಲ ಅಲ್ಲವೇ?

ಗಟ್ಟಿ ಪದಾರ್ಥ ಹೋಗುವುದಿಲ್ಲ. ನೀರು ಎಲ್ಲಿಗೆ ಹೋಗುತ್ತದೆ? ಮಣ್ಣಿನಲ್ಲಿ ಇಂಗುತ್ತದೆ, ದಾರಿಯಲ್ಲಿ ಬ್ಯಾಕ್ಟೀರಿಯಾ ಸೋಸಿಹೋಗುತ್ತವೆ, ಅಮೋನಿಯಾ ನೈಟ್ರೇಟ್ ಆಗುತ್ತದೆ. ನೈಟ್ರೇಟನ್ನು ಮಣ್ಣು ಹಿಡಿದಿಡುವುದಿಲ್ಲ. ಅದು ಅಂತರ್ಜಲದ ಜೊತೆ ನಡೆದು ಮೊದಲು ಬಾವಿಗೆ, ಆಮೇಲೆ ತೋಡಿಗೆ ಬರುತ್ತದೆ. ಮನೆ ಒಂಟಿಯಾಗಿದ್ದರೆ ಪರವಾಗಿಲ್ಲ. ಐದೈದು ಸೆಂಟಿನ ಸೈಟುಗಳಲ್ಲಿ ಒಂದು ಪಿಟ್, ಒಂದು ಬಾವಿ, ಪಕ್ಕದಲ್ಲಿ ಇನ್ನೊಂದು ಪಿಟ್ ಎಂದಾದರೆ ಲೆಕ್ಕ ಬೇರೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, ಎಳೆ ಕೂಸುಗಳ ರಕ್ತ ಆಮ್ಲಜನಕ ಒಯ್ಯಲಾಗದೆ ಮೈ ನೀಲಿಗಟ್ಟುವ ಅಪಾಯವಿದೆ. ನೀರು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಇಳಿಜಾರಿನ ಜಾಗದಲ್ಲಿ ಪಿಟ್ ಬಾವಿಗಿಂತ ಕೆಳಗಿರಲಿ, ನಡುವೆ 60 ಅಡಿಯಾದರೂ ಇರಲಿ.

ಗದ್ದೆ ಮುಚ್ಚಿ ಸೈಟು ಮಾಡಿದರೆ ಹೊಳೆಗೇನು?

ಈ ಪ್ರಶ್ನೆ ಕೇಳುವವರು ಕಡಿಮೆ, ಕೇಳಿದವರಿಗೆ ನಾನು ಕೂರಿಸಿ ಹೇಳುತ್ತೇನೆ. ನಮ್ಮ ಗದ್ದೆಗಳಿರುವುದು ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ, ತೋಟದ ನೀರೆಲ್ಲ ಇಳಿದು ಬರುವ ಜಾಗದಲ್ಲಿ. ನೀರು ನಿಂತ ಗದ್ದೆಯ ಕೆಸರಿನೊಳಗೆ ಆಮ್ಲಜನಕ ಇರುವುದಿಲ್ಲ. ಅಲ್ಲಿನ ಬ್ಯಾಕ್ಟೀರಿಯಾ ಉಸಿರಾಡಲು ನೈಟ್ರೇಟನ್ನು ಬಳಸುತ್ತವೆ, ಅದನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಮಣ್ಣು ಕೂರುತ್ತದೆ, ಫಾಸ್ಫೇಟ್ ಅದರ ಜೊತೆ ಕೂರುತ್ತದೆ, ನೀರು ನಿಧಾನವಾಗಿ ಇಂಗಿ ಬೇಸಿಗೆಯಲ್ಲಿ ತೋಡಿಗೆ ಒಸರುತ್ತದೆ. ಅಂದರೆ ಪ್ರತಿ ಕಣಿವೆಯ ಬಾಯಲ್ಲೂ ಕರೆಂಟು ಬೇಡದ ಒಂದು ಶುದ್ಧೀಕರಣ ಘಟಕವನ್ನು ಹಿರಿಯರು ನಡೆಸುತ್ತಿದ್ದರು. ಅದಕ್ಕೆ ಮಣ್ಣು ತುಂಬಿಸಿ ಮನೆ ಕಟ್ಟಿದಾಗ ಘಟಕ ಹೋಯಿತು, ಅದೇ ಜಾಗದಲ್ಲಿ ಕೊಳಚೆ ಹುಟ್ಟಿತು, ಬೇಸಿಗೆಯ ಒಸರೂ ನಿಂತಿತು. ಗದ್ದೆ ಮಾಡುವುದು ಎಷ್ಟು ನಷ್ಟ ಎಂದು ನನಗೆ ಗೊತ್ತು, ಕೂಲಿಗೆ ಜನ ಸಿಗುವುದಿಲ್ಲ, ಆನೆ ಬರುತ್ತದೆ. ಪಾಳು ಬಿಟ್ಟರೂ ಮುಚ್ಚಬೇಡಿ ಎಂದು ಮಾತ್ರ ಕೇಳಿಕೊಳ್ಳುತ್ತೇನೆ. ಜೊಂಡು ಬೆಳೆದ ಪಾಳು ಗದ್ದೆಯೂ ಈ ಕೆಲಸವನ್ನು ಮಾಡುತ್ತದೆ.

ಯುಜಿಡಿ (ಒಳಚರಂಡಿ) ಬಂದರೆ ಎಲ್ಲ ಸರಿಹೋಗುತ್ತದೆಯೇ?

ಬಹಳಷ್ಟು ಸರಿಹೋಗುತ್ತದೆ. ಚೆನ್ನಾಗಿ ನಡೆಯುವ ಕೊಳಚೆ ಶುದ್ಧೀಕರಣ ಘಟಕ ಬಿಓಡಿಯನ್ನು ಹತ್ತರಲ್ಲಿ ಒಂದಂಶಕ್ಕೂ ಕೆಳಗೆ ಇಳಿಸಬಲ್ಲದು. ಉಪ್ಪನ್ನು ತೆಗೆಯುವುದಿಲ್ಲ. ನೈಟ್ರೇಟ್, ಫಾಸ್ಫೇಟ್ ತೆಗೆಯಲು ಬೇರೆ ಹಂತಗಳೇ ಬೇಕು. ಇನ್ನೊಂದು ಮಾತು, ಪೈಪು ಊರಿನ ಕೊಳಚೆಯನ್ನೆಲ್ಲ ಒಂದೇ ಜಾಗಕ್ಕೆ ತರುತ್ತದೆ. ಅಲ್ಲಿ ಘಟಕ ಕೆಟ್ಟು ನಿಂತರೆ ಚದುರಿ ಬೀಳುತ್ತಿದ್ದದ್ದು ಒಟ್ಟಾಗಿ ಬೀಳುತ್ತದೆ. ಶುದ್ಧಗೊಂಡ ನೀರನ್ನು ಬೇಸಿಗೆಯಲ್ಲಿ ಹೊಳೆಗೆ ಬಿಡುವ ಬದಲು ತೋಟಕ್ಕೆ ಕೊಟ್ಟರೆ ಹೊಳೆಯಿಂದ ಪಂಪು ಎತ್ತುವುದೂ ಅಷ್ಟು ಕಡಿಮೆಯಾದೀತು.

ತುಲಾ ಸಂಕ್ರಮಣದ ಸ್ನಾನ, ಅಸ್ಥಿ ಬಿಡುವುದು, ಗಣಪತಿ ವಿಸರ್ಜನೆ, ಇವೂ ನೀರು ಕೆಡಿಸುತ್ತವೆಯೇ?

ಕಾವೇರಮ್ಮೆಯನ್ನು ನಂಬಿದ ಮನೆಯಲ್ಲೇ ನಾನೂ ಹುಟ್ಟಿದ್ದು. ಅಸ್ಥಿಯಲ್ಲಿ ಇರುವುದು ಕ್ಯಾಲ್ಸಿಯಂ ಫಾಸ್ಫೇಟ್, ನೀರಿಗೆ ನಿಧಾನವಾಗಿ ಕರಗುವಂಥದ್ದು, ಪೇಟೆಯ ಮೋರಿಯ ಮುಂದೆ ಲೆಕ್ಕಕ್ಕೆ ಬಾರದು. ಜೊತೆಗೆ ಬಿಡುವ ಬಟ್ಟೆ, ಪ್ಲಾಸ್ಟಿಕ್ ಚೀಲ ಮಾತ್ರ ಯಾವ ಶಾಸ್ತ್ರದಲ್ಲೂ ಇಲ್ಲ. ಗಣಪತಿ ಜೇಡಿಮಣ್ಣಿನದಾದರೆ ಮಣ್ಣು ಮಣ್ಣಿಗೆ ಸೇರಿತು. ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂದರೆ ಕ್ಯಾಲ್ಸಿಯಂ ಸಲ್ಫೇಟ್, ಮೆದು ನೀರಿನಲ್ಲಿ ಗಡಸು ಏರಿಸುತ್ತದೆ, ಬಣ್ಣದ ಲೋಹಗಳು ಅದಕ್ಕಿಂತ ಕೆಟ್ಟವು.

ನಮ್ಮ ನೀರು ಬೆಂಗಳೂರಿಗೆ ಹೋಗುತ್ತದೆ. ಅವರು ಸೋಸಿ ಕುಡಿಯುತ್ತಾರೆ, ನಮಗ್ಯಾಕೆ ಚಿಂತೆ?

ಬೆಂಗಳೂರಿಗಿಂತ ಮೊದಲು ಕುಡಿಯುವವರು ನಾವೇ. ಭಾಗಮಂಡಲದಲ್ಲಿ ಕನ್ನಿಕೆ, ಸುಜ್ಯೋತಿಯನ್ನು ಕೂಡಿಕೊಂಡ ನೀರು ನಾಪೋಕ್ಲು, ಸಿದ್ದಾಪುರ, ದುಬಾರೆ, ಕುಶಾಲನಗರ ದಾಟಿ, ಕೂಡಿಗೆಯಲ್ಲಿ ಹಾರಂಗಿಯನ್ನು ಸೇರಿಸಿಕೊಂಡು, ಕಣಿವೆ, ಶಿರಂಗಾಲದವರೆಗೂ ಕೊಡಗಿನದೇ. ಮೇಲಿನ ಊರಿನ ಮೋರಿ ಕೆಳಗಿನ ಊರಿನ ನಲ್ಲಿ. ನಗರವೊಂದು ನದಿಯನ್ನು ಎಲ್ಲಿಯವರೆಗೆ ಬದಲಾಯಿಸಬಲ್ಲದು ಎಂದು ನೋಡಬೇಕಾದರೆ ಬೆಂಗಳೂರಿನ ವೃಷಭಾವತಿಯನ್ನು ನೋಡಿ. ಒಂದು ಕಾಲದ ಹೊಳೆ, ಈಗ ಅದರಲ್ಲಿ ಬೇಸಿಗೆಯಲ್ಲಿ ಹರಿಯುವುದು ಬಹುತೇಕ ಕೊಳಚೆಯೇ. ಅದು ಅರ್ಕಾವತಿ ಸೇರಿ, ಕನಕಪುರದಾಚೆ ಸಂಗಮದಲ್ಲಿ ಮತ್ತೆ ಕಾವೇರಿಗೇ ಬರುತ್ತದೆ. ನಮ್ಮಿಂದ ಹೋದ ನೀರೇ ಸುತ್ತಿ ಬಂದು ಹಾಗೆ ಸೇರುತ್ತದೆ ಎಂದು ನೆನೆದರೆ ನನಗೆ ಸಂಕಟವಾಗುತ್ತದೆ.

ನಾವೇ ಪರೀಕ್ಷೆ ಮಾಡಬೇಕೆಂದರೆ ಹೇಗೆ?

ಎರಡು ಜಾಗ ಆರಿಸಿ, ಊರಿನ ಮೇಲೆ ಒಂದು, ಕೊನೆಯ ಮೋರಿ ದಾಟಿ ನೀರು ಚೆನ್ನಾಗಿ ಬೆರೆತ ಮೇಲೆ ಒಂದು. ಎರಡಕ್ಕೂ ಒಂದೇ ದಿನ ಹೋಗಿ. ಫೆಬ್ರುವರಿ, ಏಪ್ರಿಲ್, ಮೊದಲ ಮಳೆಯ ದಿನ, ಜುಲೈ, ಇಷ್ಟು ಸಲ ನೋಡಿದರೆ ಹೊಳೆಯ ವರ್ಷ ಅರ್ಥವಾಗುತ್ತದೆ. ಉಷ್ಣತೆ, ಪಿಎಚ್, ವಿದ್ಯುತ್ ವಾಹಕತೆ, ಕರಗಿದ ಆಮ್ಲಜನಕ, ಅಮೋನಿಯಾ, ಈ ಐದು ಸಾಕು. ಆರನೆಯದು ಕೋಲಿಫಾರ್ಮ್ (ಮಲ ಸೇರಿದೆಯೇ ಎಂದು ತಿಳಿಸುವ ಬ್ಯಾಕ್ಟೀರಿಯಾ), ಅದನ್ನು ಪ್ರಯೋಗಾಲಯಕ್ಕೇ ಕೊಡಿ. ಸ್ನಾನಕ್ಕೆ ಯೋಗ್ಯ ಎನ್ನಲು ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಮೇಲೆ, ಬಿಓಡಿ 3ರ ಒಳಗೆ, 100 ಮಿಲಿಲೀಟರಿನಲ್ಲಿ ಕೋಲಿಫಾರ್ಮ್ ಸಂಖ್ಯೆ 500ರ ಒಳಗೆ ಇರಬೇಕು ಎನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣ.

ಸಾಧ್ಯವಾದರೆ ಬೆಳಕು ಹರಿಯುವ ಮೊದಲೇ ಹೋಗಿ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿ ಉಸಿರಾಡಿ ನುಂಗುತ್ತದೆ, ಹಾಗಾಗಿ ಮಧ್ಯಾಹ್ನ ಚೆಂದ ಕಾಣುವ ಹೊಳೆ ಮುಂಜಾನೆ ಉಸಿರು ಕಟ್ಟುತ್ತಿರಬಹುದು. ಆಮ್ಲಜನಕದ ಬಾಟಲಿಯನ್ನು ನೀರೊಳಗೇ ಮುಳುಗಿಸಿ ತುಂಬಿ, ಒಳಗೇ ಮುಚ್ಚಳ ಹಾಕಿ ಮೇಲೆತ್ತಿ. ಒಂದು ಗುಳ್ಳೆ ಒಳಗೆ ಉಳಿದರೂ ಚೆಲ್ಲಿ ಮತ್ತೆ ತುಂಬಿ. ದಿನಾಂಕ, ಹೊತ್ತು, ಹಿಂದಿನ ದಿನ ಮಳೆ ಬಂದಿತ್ತೇ, ನೀರು ಮೊಣಕಾಲಿಗೋ ಸೊಂಟಕ್ಕೋ ಎಂಬುದನ್ನು ಅಲ್ಲೇ ನಿಂತು ಪುಸ್ತಕದಲ್ಲಿ ಬರೆಯಿರಿ. ಮನೆಗೆ ಹೋಗಿ ಬರೆಯೋಣ ಎಂದರೆ ಮರೆತುಹೋಗುತ್ತದೆ.